ಟುರ್ಬೀನೆ ಪಾಟ್ಸ್‌ಡಾಮ್: ಎರಡು ಜರ್ಮನಿಗಳಲ್ಲಿ ಗೆದ್ದ ಮಹಿಳಾ ತಂಡ

1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ, ಹಿಂದಿನ ಪೂರ್ವ ಜರ್ಮನಿಯ ನೆಲದ ಯಾವ ಪುರುಷರ ಫುಟ್‌ಬಾಲ್ ಕ್ಲಬ್ಬೂ ಆ ದೇಶದ ರಾಷ್ಟ್ರೀಯ ಲೀಗ್ ಆದ ಬುಂಡೆಸ್‌ಲೀಗಾವನ್ನು ಗೆದ್ದಿಲ್ಲ. ಆ ಪ್ರದೇಶಕ್ಕೆ ಆ ಗೌರವ ಸಂದದ್ದು ಮಹಿಳೆಯರ ಒಂದು ತಂಡದಿಂದ. ಬರ್ಲಿನ್ ಮಹಾನಗರದ ನೈಋತ್ಯಕ್ಕೆ ಅಂಟಿಕೊಂಡಿರುವ ಪಾಟ್ಸ್‌ಡಾಮ್ ನಗರದ ಟುರ್ಬೀನೆ ಎಂಬ ಕ್ಲಬ್ಬು 2004ರಿಂದ 2012ರ ನಡುವೆ ಆರು ಬಾರಿ ಜರ್ಮನಿಯ ಚಾಂಪಿಯನ್ ಆಗಿ, ಎರಡು ಬಾರಿ ಯುರೋಪಿನ ಅತ್ಯುನ್ನತ ಕ್ಲಬ್ ಪ್ರಶಸ್ತಿಯನ್ನೂ ಪಡೆಯಿತು. ಅದಕ್ಕೂ ಮೊದಲು, ಈಗ ಭೂಪಟದಿಂದ ಅಳಿಸಿಹೋಗಿರುವ ಇನ್ನೊಂದು ರಾಷ್ಟ್ರದಲ್ಲಿ ಇದೇ ತಂಡ ಆರು ಬಾರಿ ಅಗ್ರಸ್ಥಾನದಲ್ಲಿ ನಿಂತಿತ್ತು. ಹನ್ನೆರಡು ಪ್ರಶಸ್ತಿಗಳು ಹೀಗೆ ಎರಡು ರಾಜ್ಯವ್ಯವಸ್ಥೆಗಳಲ್ಲಿ ಸರಿಸಮನಾಗಿ ಹಂಚಿಹೋಗಿರುವುದು ಕಾಕತಾಳೀಯವೇ ಇರಬಹುದು. ಆದರೆ ಎರಡೂ ವ್ಯವಸ್ಥೆಗಳಲ್ಲಿ ಈ ತಂಡ ಗೆದ್ದುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ ಆಗಿತ್ತು. ಕ್ರೀಡಾಡಳಿತವೂ ಪುರುಷರ ದೊಡ್ಡ ಕ್ಲಬ್ಬುಗಳೂ ಬೀಳುಬಿಟ್ಟಿದ್ದ ನೆಲವನ್ನು ಅದು ತಾಳ್ಮೆಯಿಂದ, ಯಾರ ಹಂಗೂ ಇಲ್ಲದೆ ಉತ್ತು ಬೆಳೆ ತೆಗೆಯಿತು. ಆ ನೆಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಾಗ, ಅದುವರೆಗೆ ಕ್ಲಬ್ಬನ್ನು ಕಾಪಾಡಿದ್ದ ಸ್ವಾತಂತ್ರ್ಯವೇ ಅದರ ಕೊರತೆಯಾಗಿ ಪರಿಣಮಿಸಿತು.

ಪಾಟ್ಸ್‌ಡಾಮ್ ಎಂದರೆ ಹೊರಗಿನವರಿಗೆ ನೆನಪಾಗುವುದು ಪ್ರಷ್ಯದ ದೊರೆ ಎರಡನೆಯ ಫ್ರೆಡ್ರಿಕ್ ಕಟ್ಟಿಸಿದ ಸಾನ್‌ಸೂಸಿ ಅರಮನೆ, 1945ರಲ್ಲಿ ಗೆದ್ದ ರಾಷ್ಟ್ರಗಳ ನಾಯಕರು ಸೋತ ಜರ್ಮನಿಯ ಭವಿಷ್ಯವನ್ನು ನಿರ್ಧರಿಸಲು ಸೇರಿದ ಸಮ್ಮೇಳನ, ಮತ್ತು ಪಶ್ಚಿಮ ಬರ್ಲಿನ್ನಿನ ಗಡಿಯಲ್ಲಿ ಎರಡೂ ಬಣಗಳು ಸೆರೆಸಿಕ್ಕ ಗೂಢಚಾರರನ್ನು ವಿನಿಮಯ ಮಾಡಿಕೊಳ್ಳುತ್ತಿದ್ದ ಗ್ಲೀನಿಕೆ ಸೇತುವೆ. ಯುದ್ಧಾನಂತರ ಈ ನಗರ ಸೋವಿಯತ್ ವಲಯಕ್ಕೆ ಸೇರಿ, 1949ರಲ್ಲಿ ಸ್ಥಾಪನೆಯಾದ ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯದ, ಅಂದರೆ ಪೂರ್ವ ಜರ್ಮನಿಯ, ಭಾಗವಾಯಿತು. ಆ ರಾಷ್ಟ್ರದಲ್ಲಿ ಕ್ರೀಡಾಸಂಘಗಳು ಊರಿನವರ ಚಂದಾ ಹಣದಿಂದ ನಡೆಯುವ ಹಳೆಯ ಮಾದರಿಯ ಸಂಸ್ಥೆಗಳಾಗಿ ಉಳಿಯದೆ, ಬಹುಪಾಲು ಸರ್ಕಾರಿ ಉದ್ದಿಮೆಗಳ ಆಶ್ರಯಕ್ಕೆ ಬಂದವು; ಅಂಥ ಸಂಘವನ್ನು ಉದ್ಯಮ ಕ್ರೀಡಾಸಂಘ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆಶ್ರಯ ಕೊಟ್ಟ ಉದ್ದಿಮೆ ಯಾವ ವಲಯದ್ದೆಂಬುದನ್ನು ಸಂಘದ ಹೆಸರೇ ಸಾರುತ್ತಿತ್ತು. ರೈಲ್ವೆಯವರದು ಲೋಕೊಮೊಟಿವ್, ರಾಸಾಯನಿಕ ಕಾರ್ಖಾನೆಯವರದು ಶೆಮಿ, ಬೇಸಾಯದ ವಲಯದವರದು ಟ್ರಾಕ್ಟರ್, ಪೊಲೀಸ್ ಮತ್ತು ಗುಪ್ತಚರ ಇಲಾಖೆಯವರದು ಡೈನಮೊ. ವಿದ್ಯುತ್ತು ಮತ್ತು ಇಂಧನ ಪೂರೈಸುವ ಸಂಸ್ಥೆಗಳ ಸಂಘಗಳಿಗೆ ಟುರ್ಬೀನೆ ಎಂಬ ಹೆಸರಿತ್ತು.

ಮಹಿಳೆಯರ ಫುಟ್‌ಬಾಲಿಗೆ ಆ ಕಾಲದಲ್ಲಿ ಎರಡು ಜರ್ಮನಿಗಳಲ್ಲಿ ಇದ್ದ ಸ್ಥಾನಮಾನವನ್ನು ಹೋಲಿಸಿ ನೋಡದೆ ಈ ಕ್ಲಬ್ಬಿನ ಹುಟ್ಟು ಅರ್ಥವಾಗುವುದಿಲ್ಲ. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಒಕ್ಕೂಟ 1955ರ ಜುಲೈ ತಿಂಗಳಲ್ಲಿ, ಈ ಆಟ ಹೆಣ್ಣಿನ ದೇಹಕ್ಕೂ ಶೀಲಕ್ಕೂ ಒಗ್ಗುವುದಿಲ್ಲವೆಂಬ ನೆಪ ಹೇಳಿ, ತನ್ನ ಸದಸ್ಯ ಕ್ಲಬ್ಬುಗಳು ಮಹಿಳಾ ತಂಡಗಳನ್ನು ಕಟ್ಟುವುದನ್ನೂ ಅವುಗಳಿಗೆ ಮೈದಾನ ಕೊಡುವುದನ್ನೂ ನಿಷೇಧಿಸಿತು. 1970ರ ಅಕ್ಟೋಬರ್ 31ರಂದು ಈ ನಿಷೇಧ ತೆರವಾದರೂ, ಪಂದ್ಯದ ಅವಧಿಯನ್ನು ಅರವತ್ತು ನಿಮಿಷಕ್ಕೆ ಇಳಿಸುವುದು, ಹಗುರ ಚೆಂಡು ಬಳಸುವುದು ಮುಂತಾದ ಷರತ್ತುಗಳು ಮೊದಲಿಗೆ ಜೊತೆಗಿದ್ದವು. ಪೂರ್ವದಲ್ಲಿ ಇಂಥ ನಿಷೇಧ ಇರಲೇ ಇಲ್ಲ. ಹೆಣ್ಣುಮಕ್ಕಳು ಕಾರ್ಖಾನೆಯಲ್ಲಿ ಗಂಡಸರ ಸಮಕ್ಕೆ ದುಡಿಯುತ್ತಾರೆಂದು ಹೆಮ್ಮೆಪಡುತ್ತಿದ್ದ ರಾಷ್ಟ್ರಕ್ಕೆ ಅವರ ಆಟವನ್ನು ನಿಷೇಧಿಸುವುದು ಸೈದ್ಧಾಂತಿಕವಾಗಿ ಮುಜುಗರದ ಕೆಲಸವಾಗುತ್ತಿತ್ತು. ಆದ್ದರಿಂದ ಅದು ನಿಷೇಧಿಸುವ ಬದಲು ನಿರ್ಲಕ್ಷಿಸುವ ದಾರಿ ಹಿಡಿಯಿತು. ಪೂರ್ವ ಜರ್ಮನಿಯ ಆಳುವ ಪಕ್ಷ 1969ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಣಯವೊಂದರ ಪ್ರಕಾರ, ಒಲಿಂಪಿಕ್ ಪದಕ ತರಬಲ್ಲ ಕ್ರೀಡೆಗಳಿಗೆ ಹಣ, ತರಬೇತುದಾರರು, ವೈದ್ಯರು ಮತ್ತು ವಿಶೇಷ ಶಾಲೆಗಳು ಹರಿದುಬಂದವು, ಉಳಿದವು ಎರಡನೆಯ ದರ್ಜೆಗೆ ಇಳಿದವು. ಮಹಿಳೆಯರ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದು 1996ರಲ್ಲಿ. ಹೀಗಾಗಿ ಅದು ಪೂರ್ವದ ಅಧಿಕಾರಿಗಳ ಕಡತಗಳಲ್ಲಿ ಬಿಡುವಿನ ಮತ್ತು ಮನರಂಜನೆಯ ಕ್ರೀಡೆ ಎಂಬ ವರ್ಗದಲ್ಲೇ ಕೊನೆಯವರೆಗೂ ಉಳಿಯಿತು. ಈ ನಿರ್ಲಕ್ಷ್ಯದಿಂದ ಒಂದು ಲಾಭವೂ ಆಯಿತೆನ್ನಬೇಕು: ಪದಕದ ಆಸೆಯಿಂದ ರಾಜ್ಯವೇ ನಡೆಸಿದ ಉದ್ದೀಪನ ಮದ್ದಿನ ಯೋಜನೆ ಈಜುಗಾರ್ತಿಯರ ಮತ್ತು ಓಟಗಾರ್ತಿಯರ ದೇಹಗಳನ್ನು ಹಾಳುಗೆಡವುತ್ತಿದ್ದ ವರ್ಷಗಳಲ್ಲಿ, ಫುಟ್‌ಬಾಲ್ ಆಡುವ ಹೆಂಗಸರ ಮೇಲೆ ಅಂಥ ಮಹತ್ವಾಕಾಂಕ್ಷೆಯ ಕಣ್ಣು ಬೀಳಲಿಲ್ಲ.

ಪಾಟ್ಸ್‌ಡಾಮಿನ ಇಂಧನ ಪೂರೈಕೆ ಉದ್ದಿಮೆಯಲ್ಲಿ ಮಹಿಳಾ ತಂಡ ಹುಟ್ಟಿದ್ದು 1971ರ ಮಾರ್ಚ್ 3ರಂದು. 1970ರ ವರ್ಷಾಂತ್ಯದ ಔತಣಕೂಟದಲ್ಲಿ ನಡೆದ ತಮಾಷೆಯ ಮಾತುಕತೆಯಿಂದ ಈ ವಿಚಾರ ಮೊಳೆಯಿತೆಂದೂ, ಕೆಲವೇ ವಾರಗಳಲ್ಲಿ ಕಚೇರಿಯ ಸೂಚನಾಫಲಕದಲ್ಲಿ ಆಸಕ್ತ ಮಹಿಳೆಯರು ಹೆಸರು ಕೊಡಬೇಕೆಂಬ ಪುಟ್ಟ ಚೀಟಿ ಕಾಣಿಸಿಕೊಂಡಿತೆಂದೂ ಕ್ಲಬ್ಬಿನ ಪರಂಪರೆ ಹೇಳುತ್ತದೆ. ಸಂಸ್ಥಾಪನೆಯ ಕಥೆಗಳು ಸಾಮಾನ್ಯವಾಗಿ ಕಾಲ ಕಳೆದಂತೆ ಚೆಂದವಾಗುವುದುಂಟು. ಸಂಶಯಕ್ಕೆ ಎಡೆಯಿಲ್ಲದ ಸಂಗತಿಯೆಂದರೆ, ಈ ಹೊಸ ತಂಡಕ್ಕೆ ತರಬೇತಿ ಕೊಡುವ ಹೊಣೆ ಅದೇ ಉದ್ದಿಮೆಯಲ್ಲಿ ಎಂಜಿನಿಯರ್ ಆಗಿದ್ದ, ಹಿಂದೆ ಗೋಲ್‌ಕೀಪರ್ ಆಗಿ ಆಡಿದ್ದ, ಇನ್ನೂ ಮೂವತ್ತು ದಾಟಿರದ ಬೆರ್ಂಡ್ ಶ್ರೋಡರ್ ಅವರ ಹೆಗಲಿಗೆ ಬಿದ್ದದ್ದು, ಮತ್ತು ನಡುವೆ 1990ರ ದಶಕದ ಕೆಲವು ವರ್ಷ ಬಿಟ್ಟರೆ 2016ರವರೆಗೂ ಅವರು ಆ ಹೊಣೆಯನ್ನು ಇಳಿಸದೆ ಇದ್ದದ್ದು. ಒಂದೇ ತಂಡದೊಡನೆ ನಾಲ್ಕು ದಶಕ ಮೀರಿದ ಇಂಥ ನಂಟು ಮೇಲ್ಮಟ್ಟದ ಫುಟ್‌ಬಾಲಿನಲ್ಲಿ ಬಲು ಅಪರೂಪ. ಶ್ರೋಡರ್ ಕಟ್ಟುನಿಟ್ಟಿನ ಮನುಷ್ಯ. ದೈಹಿಕ ತಾಳಿಕೆಯೇ ಆಟದ ತಳಪಾಯವೆಂದು ನಂಬಿ ಆಟಗಾರ್ತಿಯರನ್ನು ದಣಿಯುವವರೆಗೆ ಓಡಿಸುತ್ತಿದ್ದರು, ಮೆಚ್ಚುಗೆಯ ಮಾತಿನಲ್ಲಿ ಜಿಪುಣರಾಗಿದ್ದರು. ಅವರ ಹಾದಿಯನ್ನು ತಾಳಲಾರದೆ ತಂಡ ಬಿಟ್ಟವರೂ ಇದ್ದಾರೆ, ಅದೇ ಹಾದಿಯಲ್ಲಿ ವಿಶ್ವಕಪ್ ತಲುಪಿದವರೂ ಇದ್ದಾರೆ.

ಮೊದಲ ದಶಕದಲ್ಲಿ ಆಡುವುದಕ್ಕೆ ಊರಿತ್ತು, ಜಿಲ್ಲೆಯಿತ್ತು, ರಾಷ್ಟ್ರ ಮಾತ್ರ ಇರಲಿಲ್ಲ. ಪೂರ್ವ ಜರ್ಮನಿಯ ಮಹಿಳಾ ತಂಡಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆ ದೊರೆತದ್ದು 1979ರಲ್ಲಿ. ಅದಕ್ಕೂ ಚಾಂಪಿಯನ್‌ಷಿಪ್ ಎಂಬ ಹೆಸರನ್ನು ಕೊಡಲು ಮನಸ್ಸಾಗದೆ, ಉತ್ತಮ ತಂಡವನ್ನು ಗುರುತಿಸುವ ಕೂಟ ಎಂಬರ್ಥದ ನೀರಸ ಆಡಳಿತಾತ್ಮಕ ಹೆಸರನ್ನು ಅಂಟಿಸಲಾಯಿತು. ಆ ಕೂಟವನ್ನು ಟುರ್ಬೀನೆ 1981, 1982, 1983, 1985, 1986 ಮತ್ತು 1989ರಲ್ಲಿ ಗೆದ್ದಿತು. ಗೆದ್ದವರು ಇಂಧನ ಸಂಸ್ಥೆಯ ಕಚೇರಿಗಳಲ್ಲಿ, ಬೇರೆ ಬೇರೆ ಉದ್ಯೋಗಗಳಲ್ಲಿ ಹಗಲೆಲ್ಲ ದುಡಿದು ಸಂಜೆ ಅಂಗಳಕ್ಕೆ ಬರುತ್ತಿದ್ದ ಹೆಂಗಸರು. ಉದ್ದಿಮೆಯ ಆಶ್ರಯ ಇದ್ದುದರಿಂದ ಅವರಿಗೆ ಮೈದಾನ, ಪ್ರಯಾಣದ ಬಸ್ಸು, ಉಡುಪು, ಕೆಲಸದಲ್ಲಿ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು. ಅಂತರರಾಷ್ಟ್ರೀಯ ಅನುಭವವೆಂದರೆ ಪೋಲೆಂಡ್, ಚೆಕೊಸ್ಲೊವಾಕಿಯ, ಹಂಗೆರಿಯಂಥ ಸಮಾಜವಾದಿ ನೆರೆಹೊರೆಯ ತಂಡಗಳೊಡನೆ ಆಡುವ ಸ್ನೇಹಪಂದ್ಯಗಳಷ್ಟೇ. ಸೇತುವೆಯಾಚೆಗಿನ ಪಶ್ಚಿಮ ಬರ್ಲಿನ್ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೂ ಅಲ್ಲಿನ ತಂಡಗಳೊಡನೆ ಆಡುವುದು ಕನಸಿನ ಮಾತಾಗಿತ್ತು.

ಈ ದಶಕದಲ್ಲಿ ಪಶ್ಚಿಮವೇನೂ ಉದಾರವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಮಹಿಳಾ ರಾಷ್ಟ್ರೀಯ ತಂಡ 1989ರಲ್ಲಿ ಮೊದಲ ಬಾರಿಗೆ ಯುರೋಪಿನ ಚಾಂಪಿಯನ್ ಆದಾಗ, ಒಕ್ಕೂಟ ಆಟಗಾರ್ತಿಯರಿಗೆ ಬಹುಮಾನವಾಗಿ ಕೊಟ್ಟದ್ದು ಕಾಫಿ ಕುಡಿಯುವ ಪಿಂಗಾಣಿ ಪಾತ್ರೆಗಳ ಸೆಟ್ಟು. ಆದರೂ ಅಲ್ಲಿ ರಾಷ್ಟ್ರೀಯ ತಂಡವೆಂಬುದೊಂದು ಇತ್ತು. ಪೂರ್ವದಲ್ಲಿ ಅದು ಹುಟ್ಟುವ ಹೊತ್ತಿಗೆ ರಾಷ್ಟ್ರವೇ ಸಾಯುತ್ತಿತ್ತು. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿದ್ದು ಆರು ತಿಂಗಳಾದ ಮೇಲೆ, 1990ರ ಮೇ 9ರಂದು, ಪಾಟ್ಸ್‌ಡಾಮಿನ ಬಾಬೆಲ್ಸ್‌ಬೆರ್ಗ್ ಬಡಾವಣೆಯ ಕಾರ್ಲ್ ಲೀಬ್‌ಕ್ನೆಕ್ಟ್ ಕ್ರೀಡಾಂಗಣದಲ್ಲಿ ಪೂರ್ವ ಜರ್ಮನಿಯ ಮಹಿಳಾ ತಂಡ ಚೆಕೊಸ್ಲೊವಾಕಿಯದ ವಿರುದ್ಧ ಆಡಿ 0–3ರಿಂದ ಸೋತಿತು. ತರಬೇತುದಾರರ ಸ್ಥಾನದಲ್ಲಿ ಶ್ರೋಡರ್ ಇದ್ದರು. ಅದು ಆ ತಂಡದ ಮೊದಲ ಅಧಿಕೃತ ಪಂದ್ಯ. ಅದೇ ಕೊನೆಯದೂ ಆಯಿತು. ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ಲೀಬ್‌ಕ್ನೆಕ್ಟ್ 1912ರಲ್ಲಿ, ಕೈಸರನ ಅರಮನೆಯಿದ್ದ ಇದೇ ಪಾಟ್ಸ್‌ಡಾಮ್ ಸುತ್ತಿನ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿಬಂದು, 1919ರಲ್ಲಿ ಬರ್ಲಿನ್ನಿನಲ್ಲಿ ಕೊಲೆಯಾದ ಸಮಾಜವಾದಿ ನಾಯಕ. ಗೋಡೆ ಬಿದ್ದ ಮೇಲೆ ಪೂರ್ವದ ಎಷ್ಟೋ ಬೀದಿಗಳ, ಕಟ್ಟಡಗಳ ಹೆಸರು ಬದಲಾದರೂ ಈ ಕ್ರೀಡಾಂಗಣದ ಹೆಸರು ಬದಲಾಗಲಿಲ್ಲ, ಮತ್ತು ಟುರ್ಬೀನೆಯ ಮುಂದಿನ ದೊಡ್ಡ ಗೆಲುವುಗಳಿಗೆ ಅದೇ ತವರು ಅಂಗಳವಾಯಿತು.

ಏಕೀಕರಣದ ನಂತರದ ವರ್ಷಗಳು ಪೂರ್ವದ ಕ್ರೀಡಾಸಂಘಗಳಿಗೆ ದುರ್ಭಿಕ್ಷದ ಕಾಲ. ಉದ್ದಿಮೆಗಳು ಖಾಸಗಿಯಾಗಿ, ಮುಚ್ಚಿ ಅಥವಾ ಕುಗ್ಗಿ, ಆಶ್ರಿತ ಸಂಘಗಳನ್ನು ಸಾಕುವ ಶಕ್ತಿಯನ್ನೂ ಕಾರಣವನ್ನೂ ಕಳೆದುಕೊಂಡವು. ಪುರುಷರ ಫುಟ್‌ಬಾಲಿನಲ್ಲಿ ಈ ಪತನ ತೀವ್ರವಾಗಿತ್ತು: ಪಶ್ಚಿಮದ ಶ್ರೀಮಂತ ಕ್ಲಬ್ಬುಗಳು ಪೂರ್ವದ ಉತ್ತಮ ಆಟಗಾರರನ್ನು ತಿಂಗಳುಗಳಲ್ಲೇ ಸೆಳೆದುಕೊಂಡವು. ಮಹಿಳೆಯರ ವಿಷಯದಲ್ಲಿ ಹಾಗೆ ಸೆಳೆಯಬಲ್ಲ ಹಣ ಪಶ್ಚಿಮದಲ್ಲೂ ಇರಲಿಲ್ಲ. ಅಲ್ಲಿನ ಮಹಿಳಾ ಬುಂಡೆಸ್‌ಲೀಗಾ ಆರಂಭವಾದದ್ದೇ 1990ರಲ್ಲಿ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಗುಂಪುಗಳಾಗಿ, ಬಹುತೇಕ ಹವ್ಯಾಸಿ ಆಟಗಾರ್ತಿಯರಿಂದ. ಆರು ಬಾರಿಯ ಪೂರ್ವ ಚಾಂಪಿಯನ್ ಟುರ್ಬೀನೆಗೆ ಆ ಲೀಗಿನ ಬಾಗಿಲು ತಕ್ಷಣ ತೆರೆಯಲಿಲ್ಲ. ಕೆಳಹಂತದಲ್ಲಿ ಆಡಿ, 1994ರಲ್ಲಿ ಬಡ್ತಿ ಪಡೆದು ಅದು ಒಳಹೊಕ್ಕಿತು. ಅಷ್ಟರಲ್ಲಿ ಶ್ರೋಡರ್ ತರಬೇತಿಯ ಹೊಣೆಯನ್ನು ಬೇರೆಯವರಿಗೆ ಬಿಟ್ಟಿದ್ದರು. ಎರಡು ಗುಂಪುಗಳನ್ನು ಒಂದೇ ರಾಷ್ಟ್ರೀಯ ಲೀಗಾಗಿ ಬೆಸೆದ 1997ರಲ್ಲಿ ಅವರು ಮರಳಿ ಬಂದರು.

ಮುಂದಿನ ಏಳಿಗೆಗೆ ತಳಹದಿ ಹಾಕಿದ ಎರಡು ಬೆಳವಣಿಗೆಗಳು ಈ ವರ್ಷಗಳಲ್ಲೇ ನಡೆದವು. 1999ರಲ್ಲಿ ಮಹಿಳಾ ತಂಡ ಹಳೆಯ ಬಹುಕ್ರೀಡಾ ಸಂಘದಿಂದ ಬೇರ್ಪಟ್ಟು, ಮಹಿಳೆಯರ ಫುಟ್‌ಬಾಲಿಗಾಗಿಯೇ ಮೀಸಲಾದ ಸ್ವತಂತ್ರ ಕ್ಲಬ್ಬಾಗಿ ನೋಂದಾಯಿಸಿಕೊಂಡಿತು. ಪುರುಷರ ವಿಭಾಗದ ಲಾಭನಷ್ಟಕ್ಕೆ, ಆಡಳಿತ ಮಂಡಳಿಯ ಹಿತಾಸಕ್ತಿಗೆ ಕಟ್ಟುಬೀಳದೆ, ಬಂದ ಪ್ರತಿ ಮಾರ್ಕನ್ನೂ ಹೆಣ್ಣುಮಕ್ಕಳ ಆಟಕ್ಕೇ ಖರ್ಚು ಮಾಡಬಹುದಾದ ವ್ಯವಸ್ಥೆ ಇದು. ಎರಡನೆಯದು ಪಾಟ್ಸ್‌ಡಾಮಿನ ಕ್ರೀಡಾಶಾಲೆಯ ನಂಟು. ಒಲಿಂಪಿಕ್ ಪದಕಗಳಿಗಾಗಿ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ಪಾಠ, ವಸತಿ, ತರಬೇತಿಗಳನ್ನು ಒಂದೇ ಆವರಣದಲ್ಲಿ ಒದಗಿಸುತ್ತಿದ್ದ ಪೂರ್ವ ಜರ್ಮನಿಯ ವಿಶೇಷ ಶಾಲೆಗಳಲ್ಲಿ ಕೆಲವು ಏಕೀಕರಣದ ನಂತರವೂ ಹೊಸ ರೂಪದಲ್ಲಿ ಬದುಕುಳಿದವು. ಹಳೆಯ ರಾಷ್ಟ್ರ ತನ್ನ ಕಾಲದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲಿಗೆ ನಿರಾಕರಿಸಿದ್ದ ಈ ಸೌಲಭ್ಯ, ಆ ರಾಷ್ಟ್ರ ಅಳಿದ ಮೇಲೆ ಟುರ್ಬೀನೆಗೆ ದಕ್ಕಿತು. ದೇಶದ ಬೇರೆ ಬೇರೆ ಭಾಗಗಳಿಂದ ಹದಿಹರೆಯದ ಆಟಗಾರ್ತಿಯರು ಶಾಲೆಯ ವಸತಿಗೆ ಬಂದು, ಬೆಳಿಗ್ಗೆ ತರಗತಿಗೂ ಅಂಗಳಕ್ಕೂ ನಡುವೆ ಓಡಾಡುತ್ತ, ಹದಿನೇಳು ಹದಿನೆಂಟರ ವಯಸ್ಸಿಗೇ ಬುಂಡೆಸ್‌ಲೀಗಾದಲ್ಲಿ ಆಡುವಂತಾಯಿತು. ವೃತ್ತಿಪರ ಎಂಬ ಮಾತನ್ನು ಈ ಹಂತದಲ್ಲಿ ಎಚ್ಚರದಿಂದ ಬಳಸಬೇಕು. ಪುರುಷರ ಆಟದ ಅರ್ಥದಲ್ಲಿ ಸಂಬಳದಿಂದಲೇ ಬಾಳುವವರು ಕೆಲವೇ ಮಂದಿ. ಉಳಿದವರು ಓದು, ಅರೆಕಾಲಿಕ ಉದ್ಯೋಗ, ಅಥವಾ ಕ್ರೀಡಾಪಟುಗಳನ್ನು ಸೈನಿಕರ ಪಟ್ಟಿಯಲ್ಲಿ ಸೇರಿಸಿಕೊಂಡು ವೇತನ ಕೊಟ್ಟು ಆಡಲು ಬಿಡುವ ಜರ್ಮನ್ ಸೇನೆಯ ಯೋಜನೆ, ಇವುಗಳಲ್ಲೊಂದನ್ನು ನೆಚ್ಚಿಕೊಂಡಿದ್ದರು. ತರಬೇತಿಯ ಗಂಟೆಗಳ ಲೆಕ್ಕದಲ್ಲಿ ಮಾತ್ರ ಅವರು ಪೂರ್ಣ ವೃತ್ತಿಪರರು.

ಆಗ ಜರ್ಮನಿಯ ಮಹಿಳಾ ಫುಟ್‌ಬಾಲಿನಲ್ಲಿ ಮೇಲುಗೈ ಪಡೆದಿದ್ದುದು ಫ್ರಾಂಕ್‌ಫರ್ಟ್ ನಗರದ ತಂಡ. ಅದೂ 1999ರಲ್ಲೇ ಸ್ವತಂತ್ರ ಮಹಿಳಾ ಕ್ಲಬ್ಬಾಗಿ ಹೊರಹೊಮ್ಮಿತ್ತು. ಬಿರ್ಗಿಟ್ ಪ್ರಿಂಟ್ಸ್ ಅವರಂಥ ವಿಶ್ವಖ್ಯಾತ ಆಟಗಾರ್ತಿ, ಬ್ಯಾಂಕುಗಳ ನಗರದ ಪ್ರಾಯೋಜಕರು, ಮಾರುಕಟ್ಟೆ ಬಲ್ಲ ವ್ಯವಸ್ಥಾಪಕರು ಅದರ ಬಳಿ ಇದ್ದರು. 2001, 2002 ಮತ್ತು 2003ರಲ್ಲಿ ಸತತ ಮೂರು ವರ್ಷ ಫ್ರಾಂಕ್‌ಫರ್ಟ್ ಮೊದಲನೆಯದಾಗಿ, ಟುರ್ಬೀನೆ ಎರಡನೆಯದಾಗಿ ಉಳಿಯಿತು. ಪತ್ರಿಕೆಗಳು ಈ ಪೈಪೋಟಿಯನ್ನು ಪಶ್ಚಿಮ ಮತ್ತು ಪೂರ್ವ, ಹಣ ಮತ್ತು ಬೆವರು ಎಂದು ಬಣ್ಣಿಸಲು ಇಷ್ಟಪಟ್ಟವು; ಪಾಟ್ಸ್‌ಡಾಮಿನವರು ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. 2004ರಲ್ಲಿ ಲೆಕ್ಕ ತೀರಿತು. ಆ ಋತುವಿನ ಲೀಗಿನಲ್ಲಿ ಟುರ್ಬೀನೆ ಫ್ರಾಂಕ್‌ಫರ್ಟಿನ ಅಂಗಳಕ್ಕೇ ಹೋಗಿ 7–2ರಿಂದ ಗೆದ್ದು ಪ್ರಶಸ್ತಿ ಪಡೆಯಿತು. ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಜರ್ಮನ್ ಕಪ್ ಫೈನಲಿನಲ್ಲೂ ಅದೇ ಎದುರಾಳಿಯನ್ನು 3–0ರಿಂದ ಮಣಿಸಿತು. ಕಪ್ ಎಂದರೆ ಲೀಗಿನಂತೆ ಅಂಕಗಳನ್ನು ಕೂಡಿಹಾಕುವ ಸ್ಪರ್ಧೆಯಲ್ಲ, ಸೋತವರು ಹೊರಬೀಳುವ ಪಂದ್ಯಾವಳಿ. ಅದರ ಮಹಿಳಾ ಫೈನಲನ್ನು ಆ ವರ್ಷಗಳಲ್ಲಿ ಪುರುಷರ ಫೈನಲಿಗೆ ಮುನ್ನ, ಪ್ರೇಕ್ಷಕರು ಇನ್ನೂ ಆಸನ ಹುಡುಕುತ್ತಿರುವ ಹೊತ್ತಿನಲ್ಲಿ ಆಡಿಸುತ್ತಿದ್ದರು. 2005 ಮತ್ತು 2006ರ ಕಪ್ ಫೈನಲುಗಳಲ್ಲೂ ಇವೇ ಎರಡು ತಂಡಗಳು ಎದುರಾದವು, ಎರಡನ್ನೂ ಟುರ್ಬೀನೆ ಗೆದ್ದಿತು.

ಯುರೋಪಿನ ಅಂಗಳದಲ್ಲೂ ಗೆಲುವು ಬೇಗನೆ ಬಂತು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಮಹಿಳಾ ಕ್ಲಬ್ಬುಗಳಿಗಾಗಿ 2001ರಲ್ಲಿ ಆರಂಭಿಸಿದ ಕಪ್ಪನ್ನು ಟುರ್ಬೀನೆ 2005ರಲ್ಲಿ, ಸ್ಟಾಕ್‌ಹೋಮಿನ ಯೂರ್ಗಾರ್ಡೆನ್ ತಂಡವನ್ನು ಅಲ್ಲಿ 2–0ರಿಂದಲೂ ತವರಿನಲ್ಲಿ 3–1ರಿಂದಲೂ ಸೋಲಿಸಿ ತನ್ನದಾಗಿಸಿಕೊಂಡಿತು. ಮರುವರ್ಷದ ಫೈನಲಿನಲ್ಲಿ ಎದುರಾದದ್ದು ಮತ್ತೆ ಫ್ರಾಂಕ್‌ಫರ್ಟ್. ಈ ಸಲ ಪಾಟ್ಸ್‌ಡಾಮಿನಲ್ಲೇ 4–0ರ ಸೋಲು, ಅಲ್ಲಿ 3–2ರ ಸೋಲು. ಆ ಋತುವಿನಲ್ಲಿ 36 ಗೋಲು ಹೊಡೆದು ಲೀಗಿನ ಅಗ್ರಗಣ್ಯಳಾದ ಕೊನಿ ಪೋಲರ್ಸ್, ರಕ್ಷಣೆಯ ಬೆನ್ನೆಲುಬಾಗಿದ್ದ ಆರಿಯಾನೆ ಹಿಂಗ್ಸ್ಟ್ ಮುಂತಾದವರಿದ್ದ ತಂಡಕ್ಕೆ ಲೀಗ್ ಮತ್ತು ಕಪ್ಪನ್ನು ಗೆದ್ದೂ ಈ ನೋವನ್ನು ಮರೆಯಲಾಗಲಿಲ್ಲ. ಜರ್ಮನಿ ವಿಶ್ವಕಪ್ ಗೆದ್ದ 2003ರ ತಂಡದಲ್ಲಿ ಹಿಂಗ್ಸ್ಟ್, ಪೋಲರ್ಸ್, ವಿಯೋಲಾ ಓಡೆಬ್ರೆಕ್ಟ್ ಮತ್ತು ಗೋಲ್‌ಕೀಪರ್ ನಾಡೀನೆ ಆಂಗರರ್ ಟುರ್ಬೀನೆಯವರಾಗಿದ್ದರು. ಚೀನಾದಲ್ಲಿ ನಡೆದ 2007ರ ವಿಶ್ವಕಪ್ಪಿನಲ್ಲಿ ಆಂಗರರ್ ಇಡೀ ಪಂದ್ಯಾವಳಿಯಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ, ಫೈನಲಿನಲ್ಲಿ ಬ್ರೆಜಿಲಿನ ಮಾರ್ತಾ ಹೊಡೆದ ಪೆನಾಲ್ಟಿಯನ್ನೂ ತಡೆದು, ಸತತ ಎರಡನೆಯ ಬಾರಿಗೆ ಕಪ್ ಜರ್ಮನಿಯಲ್ಲೇ ಉಳಿಯುವಂತೆ ಮಾಡಿದರು.

ಆ ಹೊತ್ತಿಗೆ ಮೊದಲ ಪೀಳಿಗೆ ಚದುರತೊಡಗಿತ್ತು. ಪೋಲರ್ಸ್ ಫ್ರಾಂಕ್‌ಫರ್ಟಿಗೂ, ಹಿಂಗ್ಸ್ಟ್ ಮತ್ತು ಆಂಗರರ್ ಸ್ವೀಡನ್ನಿಗೂ ಹೋದರು. ಇಂಥ ನಷ್ಟದಿಂದ ಬೇರೆ ಕ್ಲಬ್ಬು ವರ್ಷಗಟ್ಟಲೆ ನರಳುತ್ತಿತ್ತು. ಕ್ರೀಡಾಶಾಲೆಯ ಆಸರೆಯಿದ್ದ ಟುರ್ಬೀನೆ ಖಾಲಿಯಾದ ಸ್ಥಾನಗಳನ್ನು ತನ್ನ ಅಂಗಳದಲ್ಲೇ ಬೆಳೆದ ಬಿಯಾಂಕಾ ಶ್ಮಿಟ್, ತಾಬೆಯಾ ಕೆಮ್ಮೆ ಅವರಂಥ ಎಳೆಯರಿಂದ ತುಂಬಿತು. ನಾಯಕಿ ಯೆನಿಫರ್ ಟ್ಸೀಟ್ಸ್ ಮತ್ತು ಮುನ್ನಡೆಯ ಆಟಗಾರ್ತಿ ಆನ್ಯಾ ಮಿಟ್ಟಾಗ್ ಹಳೆಯ ಹೊಸ ತಲೆಮಾರುಗಳ ನಡುವಿನ ಕೊಂಡಿಗಳಾದರು. 2009ರ ಲೀಗ್ ಈ ಎಳೆಯ ತಂಡದ ಪರೀಕ್ಷೆಯಾಯಿತು: ಕೊನೆಯ ಪಂದ್ಯ ಮುಗಿದಾಗ ಟುರ್ಬೀನೆ ಮತ್ತು ಬಾಯರ್ನ್ ಮ್ಯೂನಿಕ್ ಸಮಾನ ಅಂಕಗಳಲ್ಲಿ ನಿಂತು, ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸವನ್ನು ಲೆಕ್ಕ ಹಾಕಿದಾಗ ಟುರ್ಬೀನೆ ಕೇವಲ ಒಂದು ಗೋಲಿನಿಂದ ಮುಂದಿತ್ತು. ಇಡೀ ಋತುವಿನ ದುಡಿಮೆ ಒಂದೇ ಗೋಲಿನ ಮೇಲೆ ತೂಗಿದ ಈ ಪ್ರಶಸ್ತಿಯಿಂದ ಸತತ ನಾಲ್ಕು ಗೆಲುವುಗಳ ಸರಣಿ ಆರಂಭವಾಯಿತು.

ಕ್ಲಬ್ಬಿನ ಚರಿತ್ರೆಯ ತುತ್ತತುದಿ 2010ರ ಮೇ 20ರ ರಾತ್ರಿ. ಯುರೋಪಿನ ಮಹಿಳಾ ಕಪ್ಪಿಗೆ ಪುರುಷರ ಸ್ಪರ್ಧೆಯ ಮಾದರಿಯಲ್ಲಿ ಚಾಂಪಿಯನ್ಸ್ ಲೀಗ್ ಎಂದು ಮರುನಾಮಕರಣ ಮಾಡಿ, ತವರು ಮತ್ತು ಪರಸ್ಥಳಗಳ ಎರಡು ಫೈನಲುಗಳ ಬದಲು ಒಂದೇ ಫೈನಲನ್ನು, ಪುರುಷರ ಫೈನಲ್ ನಡೆಯುವ ನಗರದ ಆಸುಪಾಸಿನಲ್ಲಿ ಅದೇ ವಾರ ಆಡಿಸುವ ಏರ್ಪಾಡು ಆ ವರ್ಷ ಜಾರಿಗೆ ಬಂದಿತ್ತು. ಹೀಗೆ ಮಾಡ್ರಿಡ್ ಹೊರವಲಯದ ಖೆತಾಫೆ ಪಟ್ಟಣದಲ್ಲಿ ಟುರ್ಬೀನೆ ಫ್ರಾನ್ಸಿನ ಒಲಿಂಪಿಕ್ ಲಿಯೋನ್ ತಂಡಕ್ಕೆ ಎದುರಾಯಿತು. ಲಿಯೋನ್ ಪುರುಷರ ಶ್ರೀಮಂತ ಕ್ಲಬ್ಬೊಂದರ ಮಹಿಳಾ ವಿಭಾಗ. ಅದರ ಅಧ್ಯಕ್ಷ ಜಾನ್ ಮಿಶೆಲ್ ಓಲಾಸ್, ಮಹಿಳಾ ತಂಡಕ್ಕೆ ಪುರುಷರ ತಂಡದಷ್ಟೇ ಗಂಭೀರವಾಗಿ ಹಣ ಹೂಡಬೇಕೆಂದು ನಂಬಿ ನಡೆದ ಮೊದಲಿಗರಲ್ಲಿ ಒಬ್ಬರು. ಆ ರಾತ್ರಿ ಎದುರುಬದುರು ನಿಂತದ್ದು ಮಹಿಳಾ ಫುಟ್‌ಬಾಲನ್ನು ಕಟ್ಟುವ ಎರಡು ಬಗೆಗಳೆಂದು ಇಂದು ಹಿಂದಿರುಗಿ ನೋಡುವಾಗ ಕಾಣುತ್ತದೆ. ಅಂದು ಅದು ಕೇವಲ ಬಿಗಿಯಾದ, ಗೋಲಿಲ್ಲದ ಪಂದ್ಯವಾಗಿತ್ತು. ತೊಂಬತ್ತು ನಿಮಿಷ, ಮೇಲೆ ಮೂವತ್ತು ನಿಮಿಷದ ಹೆಚ್ಚುವರಿ ಆಟ ಮುಗಿದರೂ ಯಾರೂ ಗೋಲು ಹೊಡೆಯಲಿಲ್ಲ. ನಿರ್ಧಾರ ಪೆನಾಲ್ಟಿ ಶೂಟೌಟಿಗೆ, ಅಂದರೆ ಎರಡೂ ಕಡೆಯವರು ಸರದಿಯಲ್ಲಿ ಹನ್ನೆರಡು ಗಜ ದೂರದಿಂದ ಗೋಲ್‌ಕೀಪರ್ ಒಬ್ಬಳ ಎದುರಿಗೆ ಚೆಂಡು ಒದೆಯುವ ಪರೀಕ್ಷೆಗೆ ಹೋಯಿತು. ಟುರ್ಬೀನೆಯ ಗೋಲಿನಲ್ಲಿದ್ದವಳು ಹದಿನೇಳು ವರ್ಷದ ಅನಾ ಫೆಲಿಸಿತಾಸ್ ಸಾರ್ಹೋಲ್ಟ್ಸ್. ಆಕೆ ಎದುರಾಳಿಗಳ ಎರಡು ಹೊಡೆತಗಳನ್ನು ತಡೆದದ್ದಲ್ಲದೆ, ತನ್ನ ಸರದಿ ಬಂದಾಗ ತಾನೇ ಮುಂದೆ ಬಂದು ಚೆಂಡನ್ನು ಬಲೆಗೆ ಸೇರಿಸಿದಳು. 7–6ರಿಂದ ಕಪ್ ಪಾಟ್ಸ್‌ಡಾಮಿಗೆ ಬಂತು.

2011ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರೇವನ್ ಕಾಟೇಜ್ ಅಂಗಳದಲ್ಲಿ ಇವೇ ತಂಡಗಳು ಮತ್ತೆ ಫೈನಲ್ ಆಡಿದಾಗ ಲಿಯೋನ್ 2–0ರಿಂದ ಗೆದ್ದಿತು, ಮತ್ತು ಮುಂದಿನ ದಶಕವನ್ನು ತನ್ನದಾಗಿಸಿಕೊಂಡಿತು. ದೇಶದೊಳಗೆ ಟುರ್ಬೀನೆಯ ಆಳ್ವಿಕೆ ಇನ್ನೊಂದು ವರ್ಷ ನಡೆಯಿತು. ತವರಿನ ಬೆಳೆಗೆ ಹೊರಗಿನ ಪ್ರತಿಭೆಯೂ ಸೇರಿತ್ತು: ಕೊಸೊವೊದಲ್ಲಿ ಹುಟ್ಟಿ ನಿರಾಶ್ರಿತಳಾಗಿ ಜರ್ಮನಿಗೆ ಬಂದ ಫಾತ್ಮಿರೆ ಬಾಯ್ರಾಮಾಯ್, 2011ರಲ್ಲಿ ಜಪಾನ್ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿದ್ದ ಯೂಕಿ ನಾಗಾಸಾತೊ, ಈಕ್ವಟೋರಿಯಲ್ ಗಿನಿಯಿಂದ ಬಂದು 2011–12ರ ಲೀಗಿನಲ್ಲಿ 22 ಗೋಲು ಹೊಡೆದ ಜೆನೊವೆವಾ ಅನ್ಯೋನ್ಮಾ. 2012ರಲ್ಲಿ ದೊರೆತ ಸತತ ನಾಲ್ಕನೆಯ ಪ್ರಶಸ್ತಿ ಮಹಿಳಾ ಬುಂಡೆಸ್‌ಲೀಗಾದಲ್ಲಿ ಅದುವರೆಗೆ ಯಾರೂ ಮಾಡಿರದ ಸಾಧನೆ. ಆ ವರ್ಷ ಎರಡನೆಯ ಸ್ಥಾನದಲ್ಲಿದ್ದ ತಂಡದ ಹೆಸರು ವೋಲ್ಫ್ಸ್‌ಬುರ್ಗ್.

ಫೋಕ್ಸ್‌ವ್ಯಾಗನ್ ಕಾರುಗಳ ಕಾರ್ಖಾನೆಯ ಸುತ್ತ ಬೆಳೆದ ಆ ನಗರದ ಕ್ಲಬ್ಬೂ ಮೂಲತಃ ಕಾರ್ಮಿಕರ ತಂಡವೇ. ವ್ಯತ್ಯಾಸವಿರುವುದು ಕಾರ್ಖಾನೆಯ ಗಾತ್ರದಲ್ಲಿ. ಪುರುಷರ ಬುಂಡೆಸ್‌ಲೀಗಾದಲ್ಲಿ ಆಡುತ್ತಿದ್ದ, ಕಾರು ಕಂಪನಿಯ ಒಡೆತನದ ಆ ಕ್ಲಬ್ಬು ತನ್ನ ಮಹಿಳಾ ವಿಭಾಗಕ್ಕೆ ಹಣ ಹೂಡಲು ಮನಸ್ಸು ಮಾಡಿದಾಗ, ಟುರ್ಬೀನೆಗೆ ಪ್ರತಿಸ್ಪರ್ಧೆ ಸಾಧ್ಯವಿರಲಿಲ್ಲ. 2010ರ ಖೆತಾಫೆ ವಿಜೇತರಲ್ಲಿದ್ದ ನಾಡೀನೆ ಕೆಸ್ಲರ್ ಮತ್ತು ಯೋಸೆಫೀನೆ ಹೆನ್ನಿಂಗ್ 2011ರಲ್ಲೂ, ಓಡೆಬ್ರೆಕ್ಟ್ ಮರುವರ್ಷವೂ ವೋಲ್ಫ್ಸ್‌ಬುರ್ಗಿಗೆ ಹೋದರು; ಫ್ರಾಂಕ್‌ಫರ್ಟ್ ಬಿಟ್ಟ ಪೋಲರ್ಸ್ ಕೂಡ ಅಲ್ಲಿಗೇ ಸೇರಿದ್ದರು. ಬಾಯ್ರಾಮಾಯ್, ಶ್ಮಿಟ್ ಮತ್ತು ರಕ್ಷಣಾ ಆಟಗಾರ್ತಿ ಬಾಬೆಟ್ ಪೇಟರ್ ಅವರನ್ನು ಫ್ರಾಂಕ್‌ಫರ್ಟ್ ಸೆಳೆದುಕೊಂಡಿತು, ಮಿಟ್ಟಾಗ್ ಸ್ವೀಡನ್ನಿಗೆ ಹೊರಟರು. 2013ರಲ್ಲಿ ವೋಲ್ಫ್ಸ್‌ಬುರ್ಗ್ ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಕಪ್ ಫೈನಲಿನಲ್ಲಿ 3–2ರಿಂದ ಸೋತದ್ದು ಟುರ್ಬೀನೆ, ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಲಿಯೋನನ್ನು ಮಣಿಸಿದ ತಂಡದ ನಾಯಕಿ ಕೆಸ್ಲರ್. ಪಾಟ್ಸ್‌ಡಾಮ್ ಈಗ ಬೇರೆಯವರಿಗಾಗಿ ಆಟಗಾರ್ತಿಯರನ್ನು ಬೆಳೆಸುವ ತೋಟವಾಗಿತ್ತು. ಅಂದಿನಿಂದ ಇಂದಿನವರೆಗೆ ಜರ್ಮನಿಯ ಲೀಗ್ ಪ್ರಶಸ್ತಿ ವೋಲ್ಫ್ಸ್‌ಬುರ್ಗ್ ಮತ್ತು ಬಾಯರ್ನ್ ಮ್ಯೂನಿಕ್ ಎಂಬ ಎರಡು ಮನೆಗಳ ಹೊರಗೆ ಹೋಗಿಲ್ಲ.

ಸ್ವತಂತ್ರ ಮಹಿಳಾ ಕ್ಲಬ್ಬುಗಳ ಮಾದರಿಯೇ ಕುಸಿಯುತ್ತಿದ್ದ ಕಾಲ ಅದು. ಬುಂಡೆಸ್‌ಲೀಗಾದ ಹಳಬರಾದ ಬಾಡ್ ನೊಯೆನಾರ್ ಮತ್ತು ಡ್ಯೂಸ್‌ಬುರ್ಗ್ ಕ್ಲಬ್ಬುಗಳು ದಿವಾಳಿಯಾದವು, ಎರಡನೆಯದರ ತಂಡವನ್ನು ಅದೇ ನಗರದ ಪುರುಷರ ಕ್ಲಬ್ಬು ತನ್ನೊಳಗೆ ಸೇರಿಸಿಕೊಂಡಿತು. 2020ರಲ್ಲಿ ಫ್ರಾಂಕ್‌ಫರ್ಟ್ ಕೂಡ ತನ್ನ ಸ್ವತಂತ್ರ ಅಸ್ತಿತ್ವವನ್ನು ಬಿಟ್ಟು ಐನ್‌ಟ್ರಾಕ್ಟ್ ಎಂಬ ಪುರುಷರ ಕ್ಲಬ್ಬಿನಲ್ಲಿ ವಿಲೀನವಾಯಿತು. ಟುರ್ಬೀನೆಯಲ್ಲಿ ಶ್ರೋಡರ್ 2016ರಲ್ಲಿ, 73ರ ವಯಸ್ಸಿನಲ್ಲಿ ತರಬೇತುದಾರನ ಸ್ಥಾನ ತೊರೆದಿದ್ದರು. ಆ ಬೇಸಿಗೆ ರಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜರ್ಮನ್ ತಂಡದಲ್ಲಿ ಪಾಟ್ಸ್‌ಡಾಮಿನ ಕೆಮ್ಮೆ ಮತ್ತು ಸ್ವೆನ್ಯಾ ಹೂಟ್ ಇದ್ದರು. ವಿಲೀನಕ್ಕೆ ಮನಸ್ಸಿಲ್ಲದ ಕ್ಲಬ್ಬು 2020ರಲ್ಲಿ ಬರ್ಲಿನ್ನಿನ ಹೆರ್ಟಾ ಕ್ಲಬ್ಬಿನೊಡನೆ, ಹೆಸರು ಮತ್ತು ಆಡಳಿತವನ್ನು ಉಳಿಸಿಕೊಂಡು ನೆರವು ಪಡೆಯುವ ಸಹಕಾರ ಒಪ್ಪಂದ ಮಾಡಿಕೊಂಡಿತು. ಅರೆಮನಸ್ಸಿನ ಈ ನಂಟು ಎರಡೂ ಕಡೆಯವರನ್ನು ತೃಪ್ತಿಪಡಿಸಲಿಲ್ಲವೆಂದೇ ತೋರುತ್ತದೆ: ಒಪ್ಪಂದ ಮುಗಿದ 2023ರಲ್ಲಿ ಹೆರ್ಟಾ ತನ್ನದೇ ಮಹಿಳಾ ತಂಡವನ್ನು ಕಟ್ಟಿಕೊಂಡಿತು.

2022ರ ವಸಂತದಲ್ಲಿ ಟುರ್ಬೀನೆ ಲೀಗಿನಲ್ಲಿ ನಾಲ್ಕನೆಯ ಸ್ಥಾನ ಪಡೆದು, ಕಪ್ ಫೈನಲ್ ತಲುಪಿ, ಅಲ್ಲಿ ವೋಲ್ಫ್ಸ್‌ಬುರ್ಗಿಗೆ 4–0ರಿಂದ ಶರಣಾಯಿತು. ಮೇಲ್ನೋಟಕ್ಕೆ ಚೇತರಿಕೆಯಂತೆ ಕಂಡದ್ದು ನಿಜಕ್ಕೂ ಕೊನೆಯ ಏರು. ತರಬೇತುದಾರ ಸೋಫಿಯಾನ್ ಶಾಹೆದ್ ಅವರನ್ನು ಕ್ಲಬ್ಬು ಬೀಳ್ಕೊಟ್ಟಿತು, ಮುಖ್ಯ ಆಟಗಾರ್ತಿಯರು ಗುಂಪಾಗಿ ಹೊರಟುಹೋದರು. ಅದೇ ಜುಲೈನಲ್ಲಿ ಇಂಗ್ಲೆಂಡಿನ ವೆಂಬ್ಲಿಯಲ್ಲಿ 87,192 ಜನರ ಎದುರು ಜರ್ಮನಿಯ ಮಹಿಳೆಯರು ಯುರೋಪ್ ಕಪ್ ಫೈನಲ್ ಆಡಿದರು, ಮರಳಿ ಬಂದ ಮೇಲೆ ಬುಂಡೆಸ್‌ಲೀಗಾದ ಅಂಗಳಗಳಿಗೆ ಹಿಂದೆಂದೂ ಇಲ್ಲದಷ್ಟು ಪ್ರೇಕ್ಷಕರು ಬರತೊಡಗಿದರು. ಜರ್ಮನಿಯ ಮಹಿಳಾ ಫುಟ್‌ಬಾಲ್ ಅತ್ಯಂತ ಜನಪ್ರಿಯವಾದ ಆ ಋತುವಿನಲ್ಲೇ, ಅದನ್ನು ಕಟ್ಟಿದವರಲ್ಲಿ ಒಂದಾದ ಕ್ಲಬ್ಬು ಪಟ್ಟಿಯ ತಳ ಸೇರಿ, 29 ವರ್ಷಗಳ ನಂತರ ಎರಡನೆಯ ದರ್ಜೆಗೆ ಇಳಿಯಿತು.

2024ರಲ್ಲಿ ಟುರ್ಬೀನೆ ಬಡ್ತಿ ಪಡೆದು ಮರಳಿತಾದರೂ, 2024–25ರ ಋತುವಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗದೆ ಮತ್ತೆ ಕೆಳಗಿಳಿಯಿತು. ಲೀಗನ್ನು ಹನ್ನೆರಡರಿಂದ ಹದಿನಾಲ್ಕು ತಂಡಗಳಿಗೆ ಹಿಗ್ಗಿಸಲು ತೀರ್ಮಾನವಾಗಿದ್ದ ಕಾರಣ ಆ ವರ್ಷ ಹಿಂಬಡ್ತಿ ಕಾದಿದ್ದುದು ಒಂದೇ ತಂಡಕ್ಕೆ, ಮತ್ತು ಅದು ಟುರ್ಬೀನೆಯೇ ಆಯಿತು. 2025–26ರಲ್ಲಿ ಆ ಹಿಗ್ಗಿದ ಲೀಗಿನಲ್ಲಿ ಪುರುಷರ ವೃತ್ತಿಪರ ಕ್ಲಬ್ಬಿನ ಆಸರೆಯಿಲ್ಲದೆ ಉಳಿದಿದ್ದ ತಂಡವೆಂದರೆ ರೂರ್ ಪ್ರದೇಶದ ಎಸ್ಸೆನ್ ಒಂದೇ. ಹಳೆಯ ಪೂರ್ವ ಜರ್ಮನಿಯ ನೆಲದಿಂದ ಅಲ್ಲಿ ಆಗ ಮೂರು ತಂಡಗಳಿದ್ದವು: ಯೇನಾ, ಲೈಪ್ಸಿಗ್, ಮತ್ತು ಟುರ್ಬೀನೆ ಇಳಿದ ಅದೇ ಬೇಸಿಗೆಯಲ್ಲಿ ಮೇಲೇರಿದ, ಆಟಗಾರ್ತಿಯರಿಗೆ ಪೂರ್ಣಾವಧಿಯ ವೃತ್ತಿಪರ ಒಪ್ಪಂದಗಳನ್ನು ಕೊಟ್ಟು ತಂಡ ಕಟ್ಟಿದ ಪೂರ್ವ ಬರ್ಲಿನ್ನಿನ ಊನಿಯಾನ್.